ಹುಣಸೆಹಣ್ಣಿಗೆ ಸವೆದ ಕಿರೀಟ

ಹುಣಸೆಹಣ್ಣು ಕಂಡರೆ ಎಲ್ಲರ ಬಾಯಲ್ಲೂ ನೀರೂರುತ್ತದೆ, ನನಗೆ ಮಾತ್ರ ಗಂಟಲು ಒಣಗುತ್ತದೆ. ಮೊನ್ನೆ ಹೆಂಡತಿ ದೀಪದ ಕಂಬ ಬೆಳಗಲು ಹುಣಸೆಹಣ್ಣು ನೆನೆಹಾಕಿ, "ಪೇಪರ್ ಓದಿದ್ದು ಸಾಕು, ಸ್ವಲ್ಪ ಕೈ ಹಾಕ್ರೀ" ಎಂದಳು. ಬಟ್ಟಲಿನ ಆ ಕಂದು ನೀರನ್ನು ನೋಡಿದ್ದೇ ತಡ, ತರೀಕೆರೆಯ ಪೊಲೀಸ್ ಸ್ಟೇಷನ್ನಿನ ಮರದ ಬೆಂಚು ಕಣ್ಣ ಮುಂದೆ ಬಂದು, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡುಬಿಟ್ಟೆ. ಕೆಲಸ ತಪ್ಪಿಸಿಕೊಳ್ಳಲು ಇದೊಂದು ಹೊಸ ನೆಪ ಎಂದು ಅವಳು ಗೊಣಗಿದಳು. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಿಮಗೆ ಹೇಳುತ್ತೇನೆ, ಕೇಳಿ.

ಅದರಲ್ಲೊಂದು ಪಿಸ್ತೂಲು ಬರುತ್ತದೆ. ಗಾಬರಿ ಬೇಡ, ಅದು ನನ್ನದಲ್ಲ. ನಾನು ಕಡೂರಿನಲ್ಲಿ ಹೈಸ್ಕೂಲು ಡ್ರಾಯಿಂಗ್ ಮೇಷ್ಟರಾಗಿ ನಿವೃತ್ತನಾದವನು. ಜೀವಮಾನದಲ್ಲಿ ನಾನು ಹಿಡಿದ ಅತಿ ಅಪಾಯದ ಆಯುಧವೆಂದರೆ ಕೈವಾರ, ಅದರ ಮೊನೆಯಿಂದ ಚುಚ್ಚಿಸಿಕೊಂಡವನೂ ನಾನೇ. ಪಿಸ್ತೂಲು ಅಜ್ಜಂಪುರದ ರುದ್ರಪ್ಪ ಮಾವನದು. ಮಾವ ಎಂದರೆ ನನ್ನ ಅಪ್ಪನ ತಂಗಿ ಹಾಲಮ್ಮತ್ತೆಯ ಗಂಡ. ಈರುಳ್ಳಿ ವ್ಯಾಪಾರ ಮಾಡುತ್ತಿದ್ದರು. ಲಾರಿಗಟ್ಟಲೆ ಮಾಲು ಕಳಿಸಿ, ದುಡ್ಡು ಕಟ್ಟಿಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವವರಿಗೆ ಒಂದು ಧೈರ್ಯ ಬೇಕಲ್ಲ, ಅದಕ್ಕೆ ಪಿಸ್ತೂಲು. ಅವರ ಅಪ್ಪ ಅದನ್ನು ಹೆಬ್ಬೆ ಕಡೆಯ ಕಾಫಿ ತೋಟದ ಬಿಳಿ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಅವನಿಂದ ಕೊಂಡಿದ್ದರಂತೆ. ಇಂಗ್ಲಿಷ್ ದೊರೆಯ ಕೈಗೆ ಜರ್ಮನ್ ಪಿಸ್ತೂಲು ಹೇಗೆ ಬಂತು ಎಂದು ಯಾರೂ ಕೇಳಿದಂತಿಲ್ಲ. ಉದ್ದನೆಯ ಮೂತಿ, ಕುಡುಗೋಲಿನ ಹಿಡಿಯ ಹಾಗೆ ದುಂಡಗಿನ, ಗೀರುಗೀರು ಮರದ ಹಿಡಿ. ಚಿಕ್ಕಂದಿನಲ್ಲಿ ನಾನು ಅದನ್ನು ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ.

ಆ ದಿನ ಅಜ್ಜಂಪುರದ ಮನೆಯ ನಡುಮನೆಯಲ್ಲಿ ಬಾಳೆಲೆ ಹಾಸಿ ತಕ್ಕಡಿ, ಬಟ್ಟುಗಳು, ಮಚ್ಚು, ಕುಡುಗೋಲು, ಈಳಿಗೆಮಣೆ, ನಡುವೆ ಪಿಸ್ತೂಲು ಇಡುತ್ತಿದ್ದರು. ಎಲ್ಲಕ್ಕೂ ಮೂರು ಎಳೆ ವಿಭೂತಿ, ಒಂದು ಚೆಂಡುಹೂವು. ಪೂಜೆ ಮುಗಿದ ಮೇಲೆ ಮಾವ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಅದರ ಎಡಮಗ್ಗುಲು ತೋರಿಸುತ್ತಿದ್ದರು. ಅಲ್ಲೊಂದು ಪುಟ್ಟ ಕಿರೀಟ, ಕಿರೀಟದ ಕೆಳಗೆ ಇಂಗ್ಲಿಷಿನ ಯು ಅಕ್ಷರ, ಪಕ್ಕದಲ್ಲಿ ಒಂದು ಸಾಲು ಅಂಕಿ. "ಮೈಸೂರು ಮಹಾರಾಜರ ಕಿರೀಟ ಕಣ್ರೋ ಇದು" ಎಂದು ಒಂದು ವರ್ಷ ಹೇಳಿದರೆ, ಮರುವರ್ಷ ಅದು ಜರ್ಮನಿಯ ಚಕ್ರವರ್ತಿಯದಾಗಿರುತ್ತಿತ್ತು. ಇನ್ನೊಂದು ವರ್ಷ, "ಇದನ್ನ ಇಟ್ಕೊಂಡೋನೇ ರಾಜ ಅಂತ ಗುರುತು" ಎಂದು ಮೀಸೆ ತೀಡಿದರು. ನಾವು ನಂಬಿದೆವು. ಆ ಮೀಸೆಯನ್ನು ನೋಡಿದವರು ಯಾರಾದರೂ ನಂಬುತ್ತಿದ್ದರು.

ಅತ್ತೆಗೆ ಮಾತ್ರ ಆ ಗುರುತು ಕಂಡರೆ ಆಗುತ್ತಿರಲಿಲ್ಲ. "ಕಿರೀಟವೂ ಇಲ್ಲ ಗಿರೀಟವೂ ಇಲ್ಲ. ಕೆಳಗಿರೋದು ನಾಮ. ವಿಭೂತಿ ಹಚ್ಚೋ ಮನೆಯೊಳಗೆ ಅದ್ಯಾಕೆ?" ಎನ್ನುತ್ತಿದ್ದಳು. ಹಬ್ಬದ ಹಿಂದಿನ ದಿನ ಬಚ್ಚಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ಸೇರಿಸಿ, ತೆಂಗಿನ ನಾರಿನಲ್ಲಿ ಅದನ್ನು ತಿಕ್ಕುತ್ತಿದ್ದಳು. ಹಿತ್ತಾಳೆ ಕೊಳಗಕ್ಕೆ ಒಂದು ಕೈ ಸಾಕಾದರೆ ಪಿಸ್ತೂಲಿಗೆ ಮೂರು ಕೈ. ಆಮೇಲೆ ಬಿಸಿಲಿಗಿಟ್ಟು, ಒಂದು ತೊಟ್ಟು ಹರಳೆಣ್ಣೆ ಸವರುತ್ತಿದ್ದಳು. ಮೊದಮೊದಲು ಕಾಗೆಯಂತೆ ಕಪ್ಪಗಿದ್ದದ್ದು ವರ್ಷಗಳು ಕಳೆದ ಹಾಗೆ ಬೆಳ್ಳಗಾಯಿತು. ಮಾವನಿಗೆ ಹೆಮ್ಮೆಯೋ ಹೆಮ್ಮೆ. "ನಮ್ಮನೇದು ಬೆಳ್ಳಿ ಪಿಸ್ತೂಲು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಆಗಲೇ ಚಿತ್ರದ ಹುಚ್ಚು. ಕಿರೀಟ ಬರೆದುಕೊಳ್ಳೋಣ ಎಂದು ಹೋದರೆ ಅದು ವರ್ಷ ವರ್ಷವೂ ತೆಳ್ಳಗಾಗುತ್ತಿತ್ತು, ಸೋಪಿನ ಮೇಲಿನ ಹೆಸರಿನ ಹಾಗೆ. ಇದರಲ್ಲೇನೋ ಎಡವಟ್ಟಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ.

ಪೊಲೀಸರಿಗೂ ಹೊಳೆಯಲಿಲ್ಲ ಎಂಬುದೇ ಇದರಲ್ಲಿನ ತಮಾಷೆ. ಚುನಾವಣೆ ಬಂತೆಂದರೆ ಲೈಸೆನ್ಸು ಇದ್ದವರೆಲ್ಲ ಕೋವಿ, ಪಿಸ್ತೂಲು ತಂದು ಸ್ಟೇಷನ್ನಿಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸು ಒಯ್ಯಬೇಕು, ನಿಮಗೆ ಗೊತ್ತಿರಬಹುದು. ಮಾವನಿಗೆ ಮೊದಲು ಅಂಗಡಿ ಇದ್ದದ್ದು ತರೀಕೆರೆಯಲ್ಲಿ, ಲೈಸೆನ್ಸಿನಲ್ಲಿದ್ದ ವಿಳಾಸವೂ ಅಲ್ಲಿಯದೇ. ಹಾಗಾಗಿ ಅವರು ಪ್ರತಿ ಸಲ ಇಸ್ತ್ರಿ ಬಟ್ಟೆ ಹಾಕಿಕೊಂಡು ತರೀಕೆರೆಗೆ ಹೋಗುತ್ತಿದ್ದರು. ಅಲ್ಲಿಯವರು ಪಿಸ್ತೂಲಿನ ಕೊರಳಿಗೆ ಹುರಿಯಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿ, ಲೈಸೆನ್ಸಿನಲ್ಲಿದ್ದ ನಂಬರನ್ನು ಆ ಚೀಟಿಯ ಮೇಲೆ ಬರೆದು, ಬೀರುವಿನೊಳಗಿಡುತ್ತಿದ್ದರು. ವಾಪಸು ಕೊಡುವಾಗ ಚೀಟಿಯನ್ನೂ ಲೈಸೆನ್ಸನ್ನೂ ತಾಳೆ ನೋಡುತ್ತಿದ್ದರು. ಚೀಟಿ ಬರೆದದ್ದೇ ಲೈಸೆನ್ಸು ನೋಡಿ, ತಾಳೆಯಾಗದೆ ಎಲ್ಲಿ ಹೋಗುತ್ತದೆ? ಕಬ್ಬಿಣವನ್ನು ಯಾರೂ ನೋಡಲಿಲ್ಲ. ನೋಡುತ್ತಿದ್ದದ್ದು ಮಾವನ ಮೀಸೆಯನ್ನು.

ಕಳೆದ ವರ್ಷ ಮಾವ ತೀರಿಕೊಂಡರು. ಅತ್ತೆಗೆ ಮಕ್ಕಳಿಲ್ಲ. ಶಿವಗಣಾರಾಧನೆಯೆಲ್ಲ ಮುಗಿದ ಮೇಲೆ ಸ್ಟೇಷನ್ನಿನಿಂದ ಫೋನು ಬಂತು: ಲೈಸೆನ್ಸುದಾರರು ಇಲ್ಲವಾದ್ದರಿಂದ ಪಿಸ್ತೂಲು ತಂದು ಸರ್ಕಾರಕ್ಕೆ ಒಪ್ಪಿಸಿ, ಅವರ ಹೆಂಡತಿಯ ಸಹಿಯೂ ಬೇಕು. ಹೊಣೆ ನನ್ನ ತಲೆಗೆ ಬಂತು. ನಾನು ಸುಮ್ಮನೆ ಒಯ್ದು ಕೊಟ್ಟು ಬರಬಹುದಿತ್ತು. ಆದರೆ ನಿವೃತ್ತ ಮೇಷ್ಟ್ರ ಕೈಯಲ್ಲಿ ಮೊಬೈಲಿದ್ದರೆ ಸುಮ್ಮನಿರುವುದು ಎಲ್ಲಿ ಬಂತು? ಹಳೆಯ ಜರ್ಮನ್ ಪಿಸ್ತೂಲುಗಳ ಗುರುತುಗಳ ಬಗ್ಗೆ ಹುಡುಕಿ ಹುಡುಕಿ ಓದಿದೆ. ಕಿರೀಟ ಮಹಾರಾಜರದ್ದೂ ಅಲ್ಲ, ಅತ್ತೆ ಹೇಳಿದ ನಾಮವೂ ಅಲ್ಲ. ಸರ್ಕಾರಿ ಪರೀಕ್ಷೆಯ ಮನೆಯಲ್ಲಿ ಗುಂಡು ಹಾರಿಸಿ ನೋಡಿ, ಪಿಸ್ತೂಲು ಸಿಡಿಯದೆ ತಾಳುತ್ತದೆ ಎಂದು ಖಾತ್ರಿಯಾದ ಮೇಲೆ ಒತ್ತುವ ಮುದ್ರೆಯಂತೆ. ಪಕ್ಕದ ಅಂಕಿ ಅದರ ಜಾತಕ. ಆ ನಂಬರು ಇಲ್ಲದ ಪಿಸ್ತೂಲು ಯಾರದೂ ಅಲ್ಲ, ಯಾರದು ಬೇಕಾದರೂ ಆಗಬಹುದು.

ಇಷ್ಟೆಲ್ಲ ವಿದ್ಯೆ ತುಂಬಿಕೊಂಡು ಅಜ್ಜಂಪುರಕ್ಕೆ ಹೋಗಿ, ಟ್ರಂಕಿನೊಳಗಿಂದ ಪಿಸ್ತೂಲು ತೆಗೆದು ಅಂಗಳದ ಬಿಸಿಲಿಗೆ ಹಿಡಿದೆ. ಎಡಮಗ್ಗುಲಲ್ಲಿ ಏನೂ ಇಲ್ಲ. ತಿರುಗಿಸಿದೆ, ಓರೆಯಾಗಿ ಹಿಡಿದೆ, ಕನ್ನಡಕ ಒರೆಸಿಕೊಂಡೆ. ಕಿರೀಟವಿಲ್ಲ, ಅಕ್ಷರವಿಲ್ಲ, ಒಂದು ಅಂಕಿಯೂ ಇಲ್ಲ. ಹೊಸ ಸ್ಟೀಲ್ ಲೋಟದ ಮೈಯಂತೆ ನುಣ್ಣಗಿತ್ತು. ಜಗಲಿಯ ಮೇಲೆ ಕೂತುಬಿಟ್ಟೆ.

"ಏನಾಯ್ತೋ ಗುರು?" ಎಂದಳು ಅತ್ತೆ. ನನ್ನ ಹೆಸರು ಗುರುಪಾದ.

"ಏನಿಲ್ಲ ಅತ್ತೆ. ಚೆನ್ನಾಗಿ ತೊಳ್ದಿದೀಯ."

"ಮತ್ತೆ?" ಎಂದು ಒಳಗೆ ಹೋದಳು.

ತರೀಕೆರೆಗೆ ಬಸ್ಸಿನಲ್ಲಿ ಹೊರಟೆವು. ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿ ತರಕಾರಿ ಚೀಲದ ತಳದಲ್ಲಿಟ್ಟು, ಮೇಲೆ ಎರಡು ಹಿಡಿ ಮೆಂತ್ಯದ ಸೊಪ್ಪು ಮುಚ್ಚಿದ್ದೆ. ಕಳ್ಳತನದಲ್ಲಿ ನನಗಿರುವ ಅನುಭವ ಅಷ್ಟೇ. ಬ್ರೇಕು ಹಾಕಿದಾಗೆಲ್ಲ ಚೀಲ ಸೀಟಿನ ಕಾಲಿಗೆ ತಾಗಿ ಠಣ್ಣೆನ್ನುತ್ತಿತ್ತು, ನನ್ನ ಎದೆಯೂ ಅದರ ಜೊತೆಗೇ. ಕಂಡಕ್ಟರು, "ಚೀಲ ಮೇಲಿಡ್ರೀ, ಓಡಾಡಕ್ಕೆ ಜಾಗ ಇಲ್ಲ" ಎಂದು ಹಿಡಿಕೆಗೆ ಕೈ ಹಾಕಿದಾಗ, "ಬೇಡ ಬೇಡ, ಸೊಪ್ಪು ಬಾಡುತ್ತೆ" ಎಂದು ಕೂಗಿಯೇಬಿಟ್ಟೆ. ಇಡೀ ಬಸ್ಸು ತಿರುಗಿ ನೋಡಿತು. ಮುಂದಿನ ಸೀಟಿನ ಹೆಂಗಸು ಅತ್ತೆಯನ್ನು, "ಎಲ್ಲಿಗಜ್ಜಿ ಹೊರ್ಟಿದ್ದು?" ಎಂದು ಕೇಳಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು, "ಕಣ್ಣು ತೋರ್ಸಕ್ಕೆ" ಎಂದೆ. ಅತ್ತೆ ನನ್ನನ್ನು ಕೆಕ್ಕರಿಸಿ ನೋಡಿದಳು. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿದೆ.

ಇಳಿದ ಮೇಲೆ ಅವಳಿಗೆ ಹೇಳಿದೆ, "ಅತ್ತೆ, ಒಳಗೆ ನೀನು ಏನೂ ಮಾತಾಡ್ಬೇಡ. ಕೇಳಿದ್ರೂ ಗೊತ್ತಿಲ್ಲ ಅನ್ನು. ಸಹಿ ಹಾಕು ಅಂದ್ರೆ ಹಾಕು. ತಿಳೀತಾ?"

"ಯಾಕೋ? ನಾನೇನು ಕದ್ದಿದೀನಾ?"

ಕದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ಸ್ಟೇಷನ್ನಿಗೆ ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಣ್ಣುಮಗಳು. ಮಾವನ ಮೀಸೆಯನ್ನು ಎಂದೂ ನೋಡಿದವಳಲ್ಲ. ಅತ್ತೆಗೆ ಬೆಂಚು ತೋರಿಸಿ, ನೀರು ಕೊಡಿಸಿದಳು. ಒಳ್ಳೆಯವಳು ಎಂದು ನನಗೆ ಜೀವ ಬಂತು. ಆಮೇಲೆ ಪಿಸ್ತೂಲನ್ನು ಬೆಳಕಿಗೆ ಹಿಡಿದು, ಲೈಸೆನ್ಸ್ ಪುಸ್ತಕ ಬಿಡಿಸಿಟ್ಟುಕೊಂಡಳು. ಬಂದ ಜೀವ ಮತ್ತೆ ಹೋಯಿತು.

"ನಂಬರ್ ಎಲ್ಲಿದೆ ಸರ್?"

"ಎಡಗಡೆ ಇರಬೇಕು ಮೇಡಂ."

"ಇರಬೇಕು ಅಂದ್ರೆ? ಇದೆಯಾ, ಇಲ್ವಾ?"

ಉತ್ತರಕ್ಕೆ ಕಾಯದೆ ಸೀಮೆಸುಣ್ಣದ ತುಂಡು ತರಿಸಿ ಅಲ್ಲಿ ಉಜ್ಜಿ, ಮೊಬೈಲಿನ ಬೆಳಕು ಬಿಟ್ಟಳು. ನಾನೂ ಬಗ್ಗಿದೆ. ಕಿರೀಟದ ಒಂದು ಬಳುಕು, ಉಗುರಿನ ಗೀರಿನಷ್ಟು, ಕಂಡಿತೋ ಕಾಣಲಿಲ್ಲವೋ ಅನ್ನುವ ಹಾಗೆ ಕಂಡಿತು. ಅಂಕಿ ಒಂದೂ ಇಲ್ಲ. ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಲೈಸೆನ್ಸಲ್ಲಿರೋ ಪಿಸ್ತೂಲು ಇದೇ ಅಂತ ನಾನು ಹೇಗೆ ಬರೀಲಿ ಸರ್? ಅದನ್ನ ಯಾರಿಗೋ ಮಾರಿ ಇದನ್ನ ತಂದಿಟ್ಟಿದ್ರೆ? ಅದೂ ಅಲ್ದೆ, ನಂಬರ್ ಅಳಿಸೋದೇ ಒಂದು ಅಪರಾಧ. ಯಾರ ಹತ್ರ ಸಿಗುತ್ತೋ ಅವರೇ ಅಳಿಸಿದಾರೆ ಅಂತ ಕಾನೂನು ತಿಳ್ಕೊಳ್ಳುತ್ತೆ. ಅಲ್ಲ ಅಂತ ಅವರೇ ತೋರಿಸ್ಬೇಕು. ಯಾರ ಮನೇಲಿತ್ತು ಇದು?"

ಬೆಂಚಿನ ಮೇಲೆ ಹಾಲಮ್ಮತ್ತೆ ಸೆರಗು ಹೊದ್ದು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎಂಬತ್ತರ ಹತ್ತಿರದ ಜೀವ. ಅವಳ ಮೇಲೆ ಕೇಸು, ಕೋರ್ಟು, ಚಿಕ್ಕಮಗಳೂರಿಗೆ ಓಡಾಟ, ಪೇಪರಿನಲ್ಲಿ ಹೆಸರು ಎಲ್ಲವೂ ನನ್ನ ಕಣ್ಣ ಮುಂದೆ ಬಂದುಹೋಯಿತು. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಬದುಕಿಡೀ ಪಾಠ ಮಾಡಿದವನ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ಮಾವನವರೇ ಏನೋ ಮಾಡ್ಕೊಂಡಿದಾರೆ ಮೇಡಂ. ಅವರಿಗೆ ಹೊಳಪು ಬರಿಸೋ ಹುಚ್ಚಿತ್ತು. ಅತ್ತೆಗೆ ಇದರ ವಿಷ್ಯ ಏನೂ ಗೊತ್ತಿಲ್ಲ. ಇವರು ಅದನ್ನ ಮುಟ್ಟಿದವರೂ ಅಲ್ಲ."

ಸತ್ತವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ ಎಂಬುದು ನನ್ನ ಲೆಕ್ಕ. ಮಾವ ಮೇಲಿಂದ ನನ್ನನ್ನು ಕ್ಷಮಿಸುತ್ತಾರೆ ಎಂದೂ ಅಂದುಕೊಂಡೆ. ಆದರೆ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದು ನಿಂತಿದ್ದಳು.

"ಸುಳ್ಳು ಹೇಳ್ಬೇಡ ಕಣೋ ಗುರು. ಅವರು ಒಂದಿನಾನೂ ಉಜ್ಜಿಲ್ಲ ಅದನ್ನ. ನಾನು ಉಜ್ಜಿದ್ದು ಕಣವ್ವ," ಎಂದು ಮೇಜಿನ ಹತ್ತಿರ ಬಂದಳು. "ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ, ಪ್ರತಿ ಆಯುಧಪೂಜೆಗೂ. ನಾನೇ. ಬರ್ಕೊ."

ಮೂಲೆಯಲ್ಲಿ ಬರೆಯುತ್ತಿದ್ದ ಕಾನ್‌ಸ್ಟೇಬಲ್ಲನ ಪೆನ್ನು ನಿಂತಿತು. ಸಬ್ ಇನ್ಸ್‌ಪೆಕ್ಟರು ಅತ್ತೆಯ ಮುಖ ನೋಡಿದಳು. "ಅಜ್ಜಿ, ನೀವೇನು ಹೇಳ್ತಿದೀರ ಅಂತ ನಿಮಗೆ ಗೊತ್ತಾ?"

"ಗೊತ್ತು."

ಆ ಒಂದು ಮಾತಿಗೆ ನನಗೆ ಗಾಬರಿಯಾಯಿತು. ಸಿಟ್ಟೂ ಬಂತು. ಇಷ್ಟು ಹೇಳಿ ಕರೆತಂದರೂ ತಾನಾಗಿ ಕುತ್ತಿಗೆ ಕೊಡುತ್ತಾಳಲ್ಲ ಎಂದು ಅವಳ ಮೇಲೆ ಕೆಂಡದಂಥ ಸಿಟ್ಟು. ಆ ಗಾಬರಿಯಲ್ಲಿಯೇ ಇರಬೇಕು, ಮೊಬೈಲಿನಲ್ಲಿ ಓದಿದ್ದೊಂದು ತಟ್ಟನೆ ನೆನಪಾಯಿತು. ಆ ಕಾಲದ ಜರ್ಮನರು ಒಂದು ಪಿಸ್ತೂಲಿನ ಭಾಗ ಇನ್ನೊಂದಕ್ಕೆ ಬೆರೆಯದಿರಲಿ ಎಂದು ಬಿಡಿಭಾಗಗಳ ಮೇಲೂ ನಂಬರು ಒತ್ತುತ್ತಿದ್ದರಂತೆ, ಕೆಲವು ಸಲ ಮರದ ಹಿಡಿಯ ಒಳಮೈಯಲ್ಲೂ.

"ಮೇಡಂ, ಹಿಡಿ ಬಿಚ್ಚಿ ನೋಡೋಣ. ಒಳಗೆ ಇರಬಹುದು."

"ಇಲ್ದಿದ್ರೆ?"

ಇಲ್ಲದಿದ್ದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಹಿಡಿಯ ನಡುವೆ ಇದ್ದದ್ದು ಒಂದೇ ಸ್ಕ್ರೂ. ಅತ್ತೆಯ ಕೈಗೆ ಅದರ ತಲೆಯ ಗೀರೂ ಸವೆದಿತ್ತು. ಕಾನ್‌ಸ್ಟೇಬಲ್ ಎದುರಿನ ಮೊಬೈಲ್ ರಿಪೇರಿ ಅಂಗಡಿಯಿಂದ ತಂದ ಸ್ಕ್ರೂಡ್ರೈವರು ಜಾರಿತು. ಇನ್ನೊಂದನ್ನು ತಂದ. ಅದೂ ಜಾರಿತು. ಒಂದು ಹನಿ ಎಣ್ಣೆ ಬಿಟ್ಟು ಕಾದೆವು. ಗೋಡೆಯ ಮೇಲೆ ಫ್ಯಾನು ಗಿರಗಿರ ಎನ್ನುತ್ತಿತ್ತು. ಮರ ಸೀಳಿದರೆ ಇದ್ದ ನಂಬರೂ ಹೋದೀತು ಎಂದು ನಾನು, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದೆ. ಅತ್ತೆ ಮಾತ್ರ ಪಕ್ಕದಲ್ಲಿ ನಿಂತು, ಬೇರೆ ಯಾರದೋ ಮನೆಯ ಕೆಲಸ ನೋಡುವವಳ ಹಾಗೆ ನೋಡುತ್ತಿದ್ದಳು. ಕೊನೆಗೆ ಸ್ಕ್ರೂ ಕಿರ್ರೆಂದು ತಿರುಗಿತು. ಹಿಡಿಯ ಮರದ ಹೋಳು ಕೈಗೆ ಬಂತು.

ಒಳಮೈ ಕಪ್ಪಗೆ, ಜಿಡ್ಡು ಕಟ್ಟಿತ್ತು. ಹುಣಸೆಹಣ್ಣು ಎಂದೂ ಕಾಣದ ಜಾಗ ಅದೊಂದೇ. ಸಬ್ ಇನ್ಸ್‌ಪೆಕ್ಟರು ಕರವಸ್ತ್ರದಲ್ಲಿ ಒರೆಸಿ ಬೆಳಕು ಬಿಟ್ಟಳು. ಮರದಲ್ಲಿ ಒತ್ತಿದ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಅವಳು ಒಂದೊಂದನ್ನೇ ಓದಿದಳು, ನಾನು ಲೈಸೆನ್ಸ್ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದಕ್ಕೂ ಹ್ಞೂಂ ಎಂದೆ. ಕೊನೆಯದರ ಮೇಲೆ ಜಿಡ್ಡು ಗಟ್ಟಿಯಾಗಿತ್ತು. ಅವಳು ಉಗುರಿನಿಂದ ಕೆರೆಯುವಷ್ಟು ಹೊತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಏಳು," ಎಂದಳು.

ಪುಸ್ತಕದಲ್ಲೂ ಏಳೇ ಇತ್ತು. "ಹ್ಞೂಂ" ಎನ್ನುವುದನ್ನು ಬಿಟ್ಟು, ಪುಸ್ತಕವನ್ನೇ ಅವಳ ಕಡೆ ತಿರುಗಿಸಿದೆ.

ಅಲ್ಲಿಂದ ಮುಂದೆ ಎಲ್ಲ ಸರಾಗ. ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದರು. ಮಹಜರು ಬರೆದು, ಸಬ್ ಇನ್ಸ್‌ಪೆಕ್ಟರು ಅದನ್ನು ಅತ್ತೆಗೆ ಓದಿ ಹೇಳಿದಳು. "ಹೊರಮೈಯ ಗುರುತುಗಳು ಬಹುಕಾಲದ ಬಳಕೆಯಿಂದ ಸವೆದಿರುತ್ತವೆ" ಎಂಬಲ್ಲಿಗೆ ಬಂದಾಗ ಅತ್ತೆ ತಲೆ ಎತ್ತಿದಳು. ಬಾಯಿ ತೆರೆದಳು. ನಾನು ಅವಳ ಮುಂಗೈಯನ್ನು ಬಲವಾಗಿ ಹಿಡಿದೆ. ಸಬ್ ಇನ್ಸ್‌ಪೆಕ್ಟರೂ ಓದುವುದನ್ನು ನಿಲ್ಲಿಸಿ, "ಅಜ್ಜಿ, ಹೀಗೇ ಇರ್ಲಿ" ಎಂದಳು. ಅತ್ತೆ ನಮ್ಮಿಬ್ಬರನ್ನೂ ನೋಡಿ, ಏನೋ ಸೋತವಳ ಹಾಗೆ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರ ಬರೆದು ಸಹಿ ಹಾಕಿದಳು.

ಹೊರಗೆ ಬಂದಾಗ ನನಗೆ ಹಾರಾಡುವಷ್ಟು ಹಗುರ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಅತ್ತೆಯನ್ನು ಕೂರಿಸಿ, ಎಳನೀರು ಕೊಡಿಸಿ, ನಕ್ಕೆ. "ಅಲ್ಲ ಅತ್ತೆ, ನಿನ್ನ ಭಕ್ತಿ ಇವತ್ತು ನಿನ್ನನ್ನ ಜೈಲಿಗೆ ಕಳಿಸ್ತಿತ್ತಲ್ಲ!"

"ಭಕ್ತಿ ಎಲ್ಲಿತ್ತೋ ಅದ್ರಲ್ಲಿ?" ಎಂದಳು.

"ಮತ್ತೆ? ನಾಮ ಇದೆ ಅಂತ ತಾನೇ ಉಜ್ತಿದ್ದಿದ್ದು?"

"ಕೇಳ್ದೋರಿಗೆ ಏನಾದ್ರೂ ಹೇಳ್ಬೇಕಲ್ಲ."

ಎಳನೀರಿನ ಬುರುಡೆಯನ್ನು ಪಕ್ಕಕ್ಕಿಟ್ಟಳು. ಸೆರಗಿನಿಂದ ತುಟಿ ಒರೆಸಿಕೊಂಡಳು. ಆಮೇಲೆ, ರೇಷನ್ನಿನ ಅಕ್ಕಿಯ ವಿಷಯ ಹೇಳುವ ದನಿಯಲ್ಲೇ ಹೇಳಿದಳು.

"ಮದ್ವೆಯಾದ ವರ್ಷ. ನಿಮ್ಮಜ್ಜಿಗೆ ಜ್ವರ ಜಾಸ್ತಿಯಾಗಿದೆ ಅಂತ ಸುದ್ದಿ ಬಂತು. ಇವ್ರು ಮಾಲು ತಗೊಂಡು ಹೋಗಿದ್ರು, ಊರಲ್ಲಿರ್ಲಿಲ್ಲ. ಇವ್ರನ್ನ ಕೇಳ್ದೇನೇ ತವರಿಗೆ, ಚೌಳಹಿರಿಯೂರಿಗೆ ಹೋದೆ. ವಾಪಸ್ ಬಂದಾಗ ನಡುಮನೇಲಿ ಅದನ್ನ ಹಿಡ್ಕೊಂಡು ಕೂತಿದ್ರು. ಇಲ್ಲಿಗಿಟ್ರು." ಹಣೆಯ ವಿಭೂತಿಯ ಮೇಲೆ ಬೆರಳು ಒತ್ತಿ ತೋರಿಸಿದಳು. "ಒಳಗೆ ಗುಂಡಿತ್ತೋ ಇಲ್ವೋ, ಇವತ್ತಿಗೂ ನಂಗೊತ್ತಿಲ್ಲ."

ಸುತ್ತ ಬಸ್ಸುಗಳ ಹಾರನ್ನು, ಶೇಂಗಾ ಮಾರುವವನ ಕೂಗು. ಬಾಳೆಲೆಯ ಸುತ್ತ ಕೂತು ಮಾವನ ಮೀಸೆ ನೋಡುತ್ತಿದ್ದ ಮಕ್ಕಳ ಹಿಂದೆ ಇವಳು ಎಲ್ಲಿ ನಿಂತಿರುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನನಗೆ ನಾಚಿಕೆಯಾಯಿತು.

"ಯಾರಿಗೂ ಹೇಳ್ಲಿಲ್ವಾ ಅತ್ತೆ?"

"ನಿಮ್ಮಪ್ಪಂಗೆ ಹೇಳ್ದೆ. ಅನುಸರಿಸ್ಕೊಂಡು ಹೋಗು ಅಂದ. ಹಬ್ಬ ಬಂತು. ತೊಳ್ಯಕ್ಕೆ ಅಂತ ನನ್ ಕೈಗೇ ಕೊಟ್ರು. ಸವ್ದು ಹೋಗ್ಲಿ ಅಂತ ಉಜ್ಜಿದೆ. ವರ್ಷ ವರ್ಷವೂ ಉಜ್ಜಿದೆ. ಇವ್ರು ಬೆಳ್ಳಿ ಬೆಳ್ಳಿ ಅಂತ ಊರೆಲ್ಲ ಮೆರೀತಿದ್ರು."

ನಾನು ಕೇಳಿದೆ, "ಹಂಗಿದ್ಮೇಲೆ, ಸ್ಟೇಷನ್ನಲ್ಲಿ ನಾನು ತಪ್ಪನ್ನ ಮಾವನ ಮೇಲೆ ಹಾಕ್ದಾಗ ನೀನು ಸುಮ್ನಿರಬಹುದಿತ್ತಲ್ಲ ಅತ್ತೆ? ಅವ್ರನ್ನ ಯಾಕೆ ಉಳಿಸಕ್ಕೆ ಹೋದೆ?"

ಅತ್ತೆ ನನ್ನ ಕಡೆ ತಿರುಗಿದಳು. ಡ್ರಾಯಿಂಗ್ ಮೇಷ್ಟ್ರಾಗಿದ್ದು ಇಷ್ಟೂ ಕಾಣಲಿಲ್ಲವೇ ಎನ್ನುವ ಹಾಗೆ ನೋಡಿದಳು.

"ಅವ್ರನ್ನ ಎಲ್ಲಿ ಉಳಿಸಿದ್ನೋ? ಮನೆ ಅವ್ರ ಹೆಸ್ರಲ್ಲಿತ್ತು. ಅಂಗಡಿ ಅವ್ರ ಹೆಸ್ರಲ್ಲಿತ್ತು. ಆ ಪಿಸ್ತೂಲೂ ಅವ್ರ ಹೆಸ್ರಲ್ಲೇ ಇತ್ತು. ಆ ಮನೇಲಿ ನಂದು ಅಂತ ನಾನು ಮಾಡಿದ್ದು ಆ ಉಜ್ಜಿದ್ದೊಂದೇ ಕಣೋ ಗುರು. ಅದನ್ನೂ ಅವ್ರ ಹೆಸ್ರಿಗೇ ಬರೆಸ್ತೀಯಾ?"